ಮೇಡಂ ಅವರ ಗಿಡ್ಡ ರಿವಾಲ್ವರ್

ಮೊದಲ ಗುಂಡು ಹಾರಿತು. ಎರಡನೆಯದೂ ಹಾರಿತು. ಮೂರನೆಯದಕ್ಕೆ ಮೇಡಂ ಟ್ರಿಗರ್ ಎಳೆದಾಗ ‘ಟಕ್’ ಎಂದು ಸುಮ್ಮನಾಯಿತು. ಆಳಂದದ ಕಡೆ ಒಂದು ಕಲ್ಲುಗುಡ್ಡದ ಹಿಂದೆ ನಾವು ಗುಂಡು ಹಾರಿಸಿ ಅಭ್ಯಾಸ ಮಾಡುವ ಜಾಗವಿದೆ. ಅಲ್ಲಿನ ಢಂ ಎನ್ನುವ ಸದ್ದಿಗೆ ಗುಡ್ಡದ ಮೇಲಿನ ಕಾಗೆಗಳೂ ಏಳುವುದಿಲ್ಲ, ಅಷ್ಟು ರೂಢಿಯಾಗಿದೆ. ನಾನು ಬೆಚ್ಚುವುದು ಈ ಟಕ್‌ಗೆ ಮಾತ್ರ.

“ಕೈ ಹಂಗೇ ಇರ್ಲಿ ಮೇಡಂ. ಮುಂದಕ್ಕೇ ಹಿಡ್ಕೊಂಡಿರ್ರಿ, ತಿರುಗಿಸಬ್ಯಾಡ್ರಿ,” ಎಂದೆ.

ಕೆಲವು ಗುಂಡುಗಳು ಪೆಟ್ಟು ತಿಂದು, ಸ್ವಲ್ಪ ಯೋಚನೆ ಮಾಡಿ, ಆಮೇಲೆ ಸಿಡಿಯುತ್ತವೆ. ಅದಕ್ಕೇ ಕಾಯಬೇಕು. ಕಾದೆವು, ಏನೂ ಆಗಲಿಲ್ಲ. ರಿವಾಲ್ವರ್ ಇಸಿದುಕೊಂಡು ತೆರೆದು ಆ ಗುಂಡನ್ನು ಹೊರತೆಗೆದೆ. ಪ್ರತಿ ಗುಂಡಿನ ಹಿಂಭಾಗದ ನಡುವೆ ಒಂದು ಸಣ್ಣ ದುಂಡನೆಯ ಬಿಲ್ಲೆ ಇರುತ್ತದೆ, ನಾವು ಅದಕ್ಕೆ ಕ್ಯಾಪ್ ಎನ್ನುತ್ತೇವೆ. ಟ್ರಿಗರ್ ಎಳೆದಾಗ ಹಿಂದಿನ ಪುಟ್ಟ ಸುತ್ತಿಗೆಯ, ಅಂದರೆ ಹ್ಯಾಮರಿನ, ಮೊನೆ ಅದಕ್ಕೆ ಬಲವಾಗಿ ಬಡಿದರೆ ಕಿಡಿ ಹುಟ್ಟಿ ಒಳಗಿನ ಮದ್ದು ಹತ್ತಿಕೊಳ್ಳುತ್ತದೆ. ಈ ಗುಂಡಿನ ಕ್ಯಾಪಿನ ಮೇಲೆ ಬಿದ್ದಿದ್ದ ಗುರುತು ಸೊಳ್ಳೆ ಕಚ್ಚಿದಷ್ಟು ಮಾತ್ರ ಇತ್ತು.

“ಇದು ಹಿಂಗಾದ್ರ ನಡೆಯಂಗಿಲ್ರಿ,” ಎಂದೆ.

“ನಡೀವಲ್ದು ಅಂತನೇ ನಿಮ್ಮ ಕೈಯಾಗ ಕೊಡಾಕತ್ತೇನಿ ಹವಾಲ್ದಾರ್ರ. ನಡೆಯಂಗ ಮಾಡ್ರಿ,” ಎಂದರು ಮೇಡಂ.

ನಾನು ಜಿಲ್ಲೆಯ ಸಶಸ್ತ್ರ ಪಡೆಯಲ್ಲಿ ಆಯುಧ ರಿಪೇರಿ ಮಾಡುವ ಹೆಡ್ ಕಾನ್‌ಸ್ಟೇಬಲ್. ಠಾಣೆಯಿಂದ ಠಾಣೆಗೆ ತಿರುಗಿ ರೈಫಲ್ಲು, ಪಿಸ್ತೂಲು ಬಿಚ್ಚಿ, ತಿಕ್ಕಿ, ಸವೆದದ್ದನ್ನು ಬದಲಿಸಿ ‘ಸರಿ ಇದೆ’ ಎಂದು ಹೇಳುವುದು ನನ್ನ ಕೆಲಸ. ಮೇಡಂ ಅಫಜಲಪುರ ತಾಲೂಕಿನಲ್ಲಿ ಭೀಮಾ ನದಿ ದಂಡೆಯ ಒಂದು ಠಾಣೆಯ ಪಿಎಸ್‌ಐ. ಅವರ ಸೊಂಟದ ಬಲಕ್ಕೆ ಎಲ್ಲ ಅಧಿಕಾರಿಗಳಿಗೂ ಇರುವ ಪಿಸ್ತೂಲು. ಎಡಕ್ಕೆ, ಅಂಗಿಯ ಒಳಗೆ, ಅಂಗೈಯಲ್ಲಿ ಅಡಗುವಂಥ ಈ ಆರು ಗುಂಡಿನ ರಿವಾಲ್ವರ್. ಮೊದಲನೆಯದು ಕೈಕೊಟ್ಟರೆ ಇರಲಿ ಎಂದು ಇಟ್ಟುಕೊಳ್ಳುವ ಎರಡನೆಯ ಆಯುಧ ಇದು.

ಮೊದಲನೆಯದು ಕೈಕೊಟ್ಟೂ ಇತ್ತು. ಹಿಂದಿನ ಬೇಸಿಗೆಯಲ್ಲಿ ನದಿಯೊಳಗೆ ಕಳ್ಳತನದಿಂದ ಮರಳು ತುಂಬುತ್ತಿದ್ದವರನ್ನು ಹಿಡಿಯಲು ಹೋದಾಗ ನೂಕಾಟದಲ್ಲಿ ಮೇಡಂ ಬಿದ್ದರು. ಪಿಸ್ತೂಲಿನ ಮೇಲೆ ಹಿಂದೆಮುಂದೆ ಜಾರುವ ಸ್ಲೈಡಿನೊಳಗೆ ಹಸಿ ಮರಳು ಹೊಕ್ಕು ಕಚ್ಚಿಕೊಂಡಿತು. ಅವರು ಅದನ್ನು ಜಗ್ಗುತ್ತಿರುವಾಗ ಎದುರಿಗೆ ಸಲಿಕೆ ಹಿಡಿದವರು ನಿಂತಿದ್ದರಂತೆ. ಪುಣ್ಯಕ್ಕೆ ಹಿಂದಿನಿಂದ ಜೀಪು ಬಂತು. ಅದಾದ ಮೇಲೆ ಎರಡನೆಯ ಆಯುಧ ಬೇಕೆಂದು ಅವರು ಕೇಳಿದರು, ಮೇಲಿನವರು ಒಪ್ಪಿದರು, ಆರಿಸಿ ಕೊಟ್ಟವನು ನಾನು.

ರಿವಾಲ್ವರನ್ನೇ ಯಾಕೆ ಆರಿಸಿದೆ ಎಂದರೆ ಅದಕ್ಕೆ ಬುದ್ಧಿ ಕಡಿಮೆ, ತಕರಾರೂ ಕಡಿಮೆ. ಪಿಸ್ತೂಲಿನಲ್ಲಿ ಒಂದು ಗುಂಡು ಹಾರದೆ ಕೂತರೆ ಸ್ಲೈಡು ಎಳೆದು ಅದನ್ನು ಹೊರಗೆ ಹಾಕಬೇಕು, ಅದಕ್ಕೆ ಎರಡು ಕೈ ಬೇಕು. ರಿವಾಲ್ವರಿನಲ್ಲಿ ಮತ್ತೊಮ್ಮೆ ಟ್ರಿಗರ್ ಎಳೆದರಾಯಿತು, ಆರೂ ಗುಂಡು ಕೂರುವ ಸಿಲಿಂಡರ್ ತಿರುಗಿ ಮುಂದಿನ ಗುಂಡು ಎದುರಿಗೆ ಬರುತ್ತದೆ. ಇಷ್ಟನ್ನು ಮೇಡಂಗೆ ದೊಡ್ಡ ಭಾಷಣದಂತೆ ಹೇಳಿ ಕೊಟ್ಟಿದ್ದೆ. ಈಗ ಅದೇ ಟಕ್ ಎಂದರೆ ನನ್ನ ಮುಖ ಎಲ್ಲಿಡಬೇಕು?

ಅದೇ ದಿನ ಗುಡ್ಡದ ನೆರಳಿನಲ್ಲಿ ಗೋಣಿಚೀಲ ಹಾಸಿ ಬಿಚ್ಚಿದೆ. ಹ್ಯಾಮರಿನ ಮೊನೆ ತೂರಿಬರುವ ಸಣ್ಣ ತೂತಿನಲ್ಲಿ ಬೂದಿ ಬಣ್ಣದ ಮೆತ್ತನೆಯ ಕೆಸರು ಸಿಕ್ಕಿತು. ಸಿಲಿಂಡರಿನ ಹಿಂಭಾಗದಲ್ಲಿ, ಖಾಲಿ ತೋಟಾಗಳನ್ನು ಹೊರಕ್ಕೆ ತಳ್ಳುವ ನಕ್ಷತ್ರದಂಥ ಬಿಲ್ಲೆಯ ಕೆಳಗೂ ಅದೇ ಕೆಸರು. ಭೀಮಾ ದಂಡೆಯ ರೇವೆ ಮಣ್ಣು ಇದೇ ಬಣ್ಣದ್ದು. ಮತ್ತೇನು ಬೇಕು ಸಾಕ್ಷಿ? ಮೇಡಂಗೆ, ರಿವಾಲ್ವರ್ ಇಡುವ ಚರ್ಮದ ಚೀಲದ ಮುಚ್ಚಳ ಹಾಕಿಕೊಳ್ಳಬೇಕು, ನದಿಗೆ ಹೋಗಿ ಬಂದ ದಿನ ಒಣಬಟ್ಟೆಯಿಂದ ಒರೆಸಬೇಕು ಎಂದು ಹೇಳಿದೆ. ಅವರು ಎಲ್ಲದಕ್ಕೂ ಹೂಂ ಎಂದರು. ಮುಚ್ಚಳ ಯಾವಾಗಲೂ ಹಾಕೇ ಇರುತ್ತದೆ ಎಂದು ಒಂದು ಸಲ ಮಾತ್ರ ಹೇಳಿದರು. ನನ್ನ ಭಾಷಣದ ಭರದಲ್ಲಿ ಅದು ನನ್ನ ಕಿವಿಗೆ ಹೋಗಲಿಲ್ಲ.

ಮುಂದಿನ ತಿಂಗಳು ಅದೇ ಗುಡ್ಡದ ಹಿಂದೆ ಮತ್ತೆ ಟಕ್. ಈ ಸಲ ಟ್ರಿಗರ್ ಕೂಡ ಬಿಗಿಯಾಗಿತ್ತು, ಸಿಲಿಂಡರ್ ಮನಸ್ಸಿಲ್ಲದೆ ತಿರುಗುತ್ತಿತ್ತು. ಮೇಡಂ ನದಿಯ ಕಡೆ ಹೋಗಿ ಆಗಲೇ ವಾರಗಳಾಗಿದ್ದವು. ಹಾಗಾದರೆ ಸ್ಪ್ರಿಂಗ್ ಸೋತಿದೆ ಎಂದುಕೊಂಡೆ. ಹ್ಯಾಮರಿಗೆ ಬಲ ಕೊಡುವ ದೊಡ್ಡ ಸ್ಪ್ರಿಂಗನ್ನು ತೆಗೆದು ಹೊಸದು ಹಾಕಿದೆ. ಮೊನೆ ಎಷ್ಟು ಹೊರಗೆ ಬರುತ್ತದೆ ಎಂದು ಅಳೆದೆ. ಹ್ಯಾಮರ್ ಎತ್ತಿದಾಗ ಸಿಲಿಂಡರ್ ಅಲುಗಾಡದೆ ನಿಲ್ಲುತ್ತದೆಯೇ ಎಂದು ಒಂದೊಂದು ತೂತಿಗೂ ನೋಡಿದೆ. ಎಲ್ಲ ಬರೋಬರಿ. ನಾನೇ ಮೂರು ಸಲ ತುಂಬಿ ಹಾರಿಸಿದೆ, ಒಂದೂ ತಪ್ಪಲಿಲ್ಲ.

“ಈಗ ನಂಬಬಹುದೇನ್ರಿ?” ಎಂದು ಕೇಳಿದರು ಮೇಡಂ.

“ಕಣ್ಣು ಮುಚ್ಕೊಂಡು ನಂಬ್ರಿ,” ಎಂದೆ.

ಆ ಮಾತು ಆಮೇಲೆ ನನ್ನನ್ನು ಬಹಳ ಕಾಡಿತು. ಯಾಕೆಂದರೆ ಮೂರನೆಯ ತಿಂಗಳು ಆರರಲ್ಲಿ ಎರಡು ಗುಂಡು ಹಾರಲಿಲ್ಲ. ಕ್ಯಾಪುಗಳನ್ನು ನೋಡಿದರೆ ಪೆಟ್ಟು ಆಳವಾಗಿ, ಹೇಗೆ ಬೀಳಬೇಕೋ ಹಾಗೆ ಬಿದ್ದಿತ್ತು. ಅಂದರೆ ಹೊಸ ಸ್ಪ್ರಿಂಗ್ ತನ್ನ ಕೆಲಸ ಮಾಡಿದೆ, ಗುಂಡೇ ಸತ್ತಿದೆ. ಅವೆರಡನ್ನೂ ಇನ್ನೊಂದು ರಿವಾಲ್ವರಿಗೆ ಹಾಕಿ ನೋಡಿದೆ, ಸತ್ತವೇ. ಅವು ಬಂದಿದ್ದ ಶಸ್ತ್ರಾಗಾರದ ಪೆಟ್ಟಿಗೆಯಿಂದಲೇ ಬೇರೆ ಗುಂಡು ತೆಗೆದು ಹಾಕಿದೆ, ಎಲ್ಲ ಜೀವಂತ. ಶಸ್ತ್ರಾಗಾರದಲ್ಲಿ ಉಳಿದವು ನೆಟ್ಟಗಿವೆ, ಮೇಡಂ ಜೊತೆ ಹೋದವು ಮಾತ್ರ ಸಾಯುತ್ತಿವೆ.

ನನ್ನನ್ನು ಬಲ್ಲವರಿಗೆ ನನ್ನ ಒಂದು ಹುಚ್ಚು ಗೊತ್ತು. ಎಣ್ಣೆ ಕಂಡರೆ ನನಗೆ ಆಗುವುದಿಲ್ಲ. ಆಯುಧ ಮಿಂಚಬೇಕೆಂದು ಹುಡುಗರು ಎಣ್ಣೆ ಸುರಿಯುತ್ತಾರೆ. ಆ ಎಣ್ಣೆ ಗುಂಡಿನ ಕ್ಯಾಪಿನ ಸಂದಿಯಿಂದ ಒಳಗಿಳಿದು ಮದ್ದನ್ನು ಕೊಲ್ಲುತ್ತದೆ, ಹೊರಗೆ ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಕೀಲಿಗೆ ಒಂದು ಹನಿ, ಅದನ್ನೂ ಒರೆಸಿ ತೆಗೆದು ಉಳಿದಷ್ಟು ಸಾಕು. ಇದನ್ನು ಹೇಳಿ ಹೇಳಿ ನನಗೆ ಠಾಣೆಗಳಲ್ಲಿ ‘ಒಣಾ ಹವಾಲ್ದಾರ’ ಎಂದು ಹೆಸರೂ ಬಿದ್ದಿದೆ. ಹಾಗಾಗಿ ನೇರವಾಗಿ ಕೇಳಿದೆ.

“ಮೇಡಂ, ಬೇಜಾರ ಮಾಡ್ಕೋಬ್ಯಾಡ್ರಿ. ಇದಕ್ಕ ನೀವು ಏನರೆ ಹಚ್ಚಾಕತ್ತೀರೇನು?”

“ಏನೂ ಹಚ್ಚಂಗಿಲ್ರಿ. ನೀವು ಕೊಟ್ಟ ಎಣ್ಣಿ ಬಾಟ್ಲಿ ಇನ್ನಾ ಒಡದೇ ಇಲ್ಲ.”

ಅವರು ಸುಳ್ಳು ಹೇಳುವ ಪೈಕಿ ಅಲ್ಲ. ರಿವಾಲ್ವರ್ ಬೇರೆಯವರ ಕೈಗೂ ಹೋಗುವುದಿಲ್ಲ ಎಂದರು. ಬಿಚ್ಚಿ ನೋಡಿದರೆ ನಕ್ಷತ್ರದ ಬಿಲ್ಲೆಯ ಕೆಳಗೆ ಮತ್ತೆ ಆ ಬೂದಿ ಕೆಸರು. ಈ ಸಲ ಅದರ ಅಡಿಯಲ್ಲಿ ಹಳದಿಯಾದ ಅಂಟಿನ ಪದರವೂ ಕಂಡಿತು, ಬೆರಳಿಟ್ಟರೆ ಹಿಡಿದುಕೊಳ್ಳುತ್ತಿತ್ತು. ಬಂದೂಕಿನ ಎಣ್ಣೆ ಎಂದೂ ಹೀಗೆ ಅಂಟಾಗುವುದಿಲ್ಲ. ಸೀಮೆಎಣ್ಣೆಯಲ್ಲಿ ತಿಕ್ಕಿದರೂ ಜಪ್ಪಯ್ಯ ಎನ್ನಲಿಲ್ಲ. ಕೆರೆದು ತೆಗೆದು, ಹೊಸ ಗುಂಡು ಕೊಟ್ಟು, ಅರೆಮನಸ್ಸಿನಿಂದ ಕಳಿಸಿದೆ. ಸತ್ತ ಗುಂಡು ಒಂದನ್ನು ಮಾತ್ರ ಚಿಂದಿಯಲ್ಲಿ ಸುತ್ತಿ ಪರೀಕ್ಷೆಗೆಂದು ಇಟ್ಟುಕೊಂಡೆ. ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದೆ ವಾರವಿಡೀ ಮನೆಯಲ್ಲಿ ಎಲ್ಲರ ಮೇಲೂ ಮಾಡಿದೆ.

ಮುಂದೆ ಜೇವರ್ಗಿ ಕಡೆಯ ಠಾಣೆಗಳ ಪರಿಶೀಲನೆ ಬಂತು. ಅಲ್ಲಿ ಮಧ್ಯಾಹ್ನ ಒಂದು ಖಾನಾವಳಿಯಲ್ಲಿ ಊಟಕ್ಕೆ ಕೂತೆ. ಜೋಳದ ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ. ಹಿಂಡಿಗೆ ಎಣ್ಣೆ ಹಾಕಿಕೊಳ್ಳಲು ಮುಂದಿದ್ದ ಬಾಟಲಿಯನ್ನು ನಾನೇ ಎತ್ತಿಕೊಂಡೆ. ಬಾಟಲಿ ಕೆಳಗಿಟ್ಟೆ, ಹೆಬ್ಬೆರಳು ಮಾತ್ರ ಅದರ ಬಾಯಿಯನ್ನು ಬಿಡಲು ಒಪ್ಪಲಿಲ್ಲ. ನೋಡಿದರೆ ಬಾಟಲಿಯ ಬಾಯಿ ಸುತ್ತ ಅದೇ ಹಳದಿ ಅಂಟು.

“ಇದು ಯಾವ ಎಣ್ಣಿ ಅವ್ವಾ?” ಎಂದು ಬಡಿಸುತ್ತಿದ್ದ ಹೆಂಗಸನ್ನು ಕೇಳಿದೆ.

“ಕುಸುಬಿ ಎಣ್ಣಿರಿ. ಗಾಣದ್ದು. ಯಾಕ್ರಿ, ವಾಸನಿ ಬರಾಕತ್ತದೇನು?”

“ವಾಸನಿ ಇಲ್ಲ. ಅಂಟು ಅದಲ್ಲ ಇಲ್ಲಿ.”

“ಅದು ಹಂಗೇರಿ. ಗಾಳಿ ತಾಗಿದ್ರ ಕುಸುಬಿ ಎಣ್ಣಿ ಅಂಟ ಆಗ್ತದ. ತೊಳದ್ರೂ ಹೋಗಂಗಿಲ್ಲ, ಬಾಟ್ಲೀನೇ ಒಗೀಬೇಕು,” ಎಂದು ಆಕೆ ಇನ್ನೊಂದು ರೊಟ್ಟಿ ಹಾಕಿ ಹೋದಳು.

ನಮ್ಮ ಮನೆಯ ಎಣ್ಣೆ ಡಬ್ಬಿಯ ಬಾಯಿಯೂ ಹೀಗೇ ಇರುತ್ತದೆ. ಹುಟ್ಟಿದಾಗಿನಿಂದ ನೋಡಿದ ಅಂಟನ್ನು ಕಬ್ಬಿಣದ ಮೇಲೆ ಕಂಡಾಗ ಗುರುತು ಹಿಡಿಯಲಿಲ್ಲ. ಊಟದ ನಡುವೆಯೇ ಎಡಗೈಯಲ್ಲಿ ಮೇಡಂಗೆ ಫೋನ್ ಹಚ್ಚಿದೆ.

“ಮೇಡಂ, ನಿಮ್ಮ ಮನ್ಯಾಗ ಕುಸುಬಿ ಎಣ್ಣಿ ಬಳಸ್ತೀರೇನ್ರಿ?”

“ಹೌದ್ರಿ. ಅವ್ವ ಊರಿಂದ ತಂದಾಳ. ಯಾಕ, ಊಟಕ್ಕ ಬರಾಕತ್ತೀರೇನು?”

“ರಿವಾಲ್ವರಿಗೆ ಅದನ್ನ ಯಾರರೆ ಹಚ್ಚಾರೇನು?”

“ಏ, ಆವತ್ತೇ ಹೇಳೀನಲ್ರಿ, ಯಾರೂ ಏನೂ ಹಚ್ಚಂಗಿಲ್ಲ ಅಂತ. ಅಮಾಸಿಗೊಮ್ಮೆ ಅವ್ವ ಪೂಜಾ ಮಾಡ್ತಾಳ, ಅಷ್ಟ.”

ಅಷ್ಟ! ನನಗೆ ನಗು ಬಂತೋ ಅಳು ಬಂತೋ ಹೇಳಲಾರೆ. ಅವರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನಮ್ಮ ಕಡೆ ಪೂಜೆಯನ್ನು ಯಾರೂ ‘ಹಚ್ಚುವುದು’ ಎಂದು ಎಣಿಸುವುದಿಲ್ಲ, ಅವ್ವನನ್ನು ‘ಬೇರೆಯವರು’ ಎಂದೂ ಎಣಿಸುವುದಿಲ್ಲ. ಮೋಟರ್‌ಸೈಕಲ್ಲು, ಹಿಟ್ಟಿನ ಗಿರಣಿ, ಬಾವಿಯ ಪಂಪು, ಎಲ್ಲಕ್ಕೂ ಅಮಾವಾಸ್ಯೆಗೊಮ್ಮೆ ಆಗುವಂಥದ್ದೇ. ನಮ್ಮ ಶಸ್ತ್ರಾಗಾರದಲ್ಲಿಯೂ ಮಹಾನವಮಿಗೆ ರೈಫಲ್ಲುಗಳ ಸಾಲಿಗೆ ಪೂಜೆಯಾಗುತ್ತದೆ. ಆದರೆ ಅಲ್ಲಿ ನಾನು ಪಹರೆ ನಿಂತು, ಹಿಂದಿನ ಕಟ್ಟಿಗೆಯ ಭಾಗಕ್ಕೆ ಮಾತ್ರ ಕುಂಕುಮ ಇಡಲು ಬಿಡುತ್ತೇನೆ.

“ಅಮಾಸಿ ಯಾವಾಗ ಮೇಡಂ?”

“ಇವತ್ತೇ ಅಲ್ರಿ. ನಾಳೆ ಬೆಳಿಗ್ಗೆ ಬ್ಯಾರೆ ನದೀಗೆ ಹೊಂಟೀವಿ. ಪೂಜಾ ಮುಗಿಸ್ಕೊಂಡು ಹೋಗು ಅಂದಾಳ ಅವ್ವ.”

ಹವಳಗಾದ ಕಾರ್ಖಾನೆಗೆ ಕಬ್ಬು ಹೊರುವ ಟ್ರ್ಯಾಕ್ಟರುಗಳ ಸಾಲಿನಲ್ಲಿ ಮರಳಿನ ಟ್ರ್ಯಾಕ್ಟರುಗಳೂ ನುಸುಳಿಕೊಂಡು ಹೋಗುತ್ತಿವೆ, ನಾಳೆ ನಸುಕಿನಲ್ಲಿ ನದಿಯಲ್ಲೇ ಹಿಡಿಯುವುದೆಂದು ಠರಾವಾಗಿತ್ತು. ಅಂದರೆ ಇಂದು ಕುಸುಬಿ ಎಣ್ಣೆ ಕುಡಿದ ರಿವಾಲ್ವರ್ ನಾಳೆ ಅವರ ಎಡಸೊಂಟದಲ್ಲಿರುತ್ತದೆ. ಇದು ಫೋನಿನಲ್ಲಿ ಹೇಳಿ ನಂಬಿಸುವ ಮಾತಲ್ಲ, ನಾನೇ ಬರುತ್ತೇನೆ ಎಂದಷ್ಟೇ ಮೇಡಂಗೆ ಹೇಳಿದೆ. ಜೇವರ್ಗಿಯ ಕೆಲಸ ಅರ್ಧಕ್ಕೆ ಬಿಡುತ್ತೇನೆಂದು ನಮ್ಮ ಇನ್‌ಸ್ಪೆಕ್ಟರರಿಗೆ ಫೋನಿನಲ್ಲೇ ಹೇಳಿದೆ. ಬೈಗುಳ ಬೀಳುವ ಮೊದಲೇ ಕಾರಣ ಹೇಳಿದ್ದರಿಂದ ಬೀಳಲಿಲ್ಲ. ರೊಟ್ಟಿ ಹಾಗೇ ಬಿಟ್ಟು ಮೋಟರ್‌ಸೈಕಲ್ ಹತ್ತಿ ಅಫಜಲಪುರದ ದಾರಿ ಹಿಡಿದೆ.

ಮೇಡಂ ಅವರ ಕ್ವಾರ್ಟರ್ಸಿಗೆ ಹೋದಾಗ ಇನ್ನೂ ಬಿಸಿಲಿತ್ತು. ಬಾಗಿಲಲ್ಲೇ ಅವರಿಗೆ ಎಲ್ಲ ಹೇಳಿದೆ. ಕೇಳಿ ಕೇಳಿ ಅವರ ಮುಖ ಸಣ್ಣದಾಯಿತು.

“ಅವ್ವಗ ನೀವೇ ಹೇಳ್ರಿ,” ಎಂದರು ಮೆಲ್ಲಗೆ. “ನನ್ನ ಬಾಯಿಂದ ಬರಂಗಿಲ್ಲ.”

ಒಳಗೆ ದೇವರ ಮುಂದೆ ಮಣೆಯ ಮೇಲೆ ಬಿಳಿ ಬಟ್ಟೆ ಹಾಸಿ, ಅದರ ಮೇಲೆ ರಿವಾಲ್ವರನ್ನು ಖಾಲಿ ಮಾಡಿ ತೆರೆದು ಇಟ್ಟಿತ್ತು. ಗುಂಡು ತೆಗೆದು ಕೊಡುವುದರಲ್ಲಿ ಮೇಡಂ ತಪ್ಪಿದವರಲ್ಲ. ಆರೂ ಗುಂಡು ಹಿತ್ತಾಳೆ ತಟ್ಟೆಯಲ್ಲಿ ಬೋರಲಾಗಿ, ಹಿಂಭಾಗ ಮೇಲೆ ಮಾಡಿ ನಿಂತಿದ್ದವು. ಅವರ ತಾಯಿ ಮಾದನಹಿಪ್ಪರಗಾದ ಒಕ್ಕಲುತನದ ಹೆಂಗಸು. ಕೊರಳಲ್ಲಿ ಲಿಂಗ, ಹಣೆ ತುಂಬ ವಿಭೂತಿ. ನನ್ನನ್ನು ನೋಡಿ “ಬರ್ರಿ ತಮ್ಮಾ, ಕುಂದರ್ರಿ, ಒಂಚೂರು ಮುಗಸ್ತೇನಿ,” ಎಂದು ಕೆಲಸ ಮುಂದುವರಿಸಿದರು.

ನಾನು ತಡೆಯಬೇಕಿತ್ತು, ಆದರೆ ನೋಡುತ್ತ ನಿಂತುಬಿಟ್ಟೆ. ಅಷ್ಟು ಅಚ್ಚುಕಟ್ಟಾಗಿ ಆಯುಧ ಹಿಡಿದವರನ್ನು ನಾನು ಕಂಡಿದ್ದು ಕಡಿಮೆ. ಮೊದಲು ಬಟ್ಟಲಿನ ಎಣ್ಣೆಯಲ್ಲಿ ಬೆರಳದ್ದಿ ಕಬ್ಬಿಣಕ್ಕೆಲ್ಲ ಸವರಿದರು, ಸಂದಿಗೊಂದಿಯನ್ನೂ ಬಿಡಲಿಲ್ಲ. ಆಮೇಲೆ ವಿಭೂತಿ ತೇಯ್ದು ಸಿಲಿಂಡರಿನ ಒಂದೊಂದು ತೂತಿನ ಬಾಯಿಗೂ ಹಚ್ಚಿದರು. ಬಿತ್ತುವ ಕೂರಿಗೆಯ ಒಂದೊಂದು ಕೊಳವೆಗೂ ಹೀಗೇ ಹಚ್ಚುತ್ತಾರೆ. ಕೊನೆಗೆ ಕಿರುಬೆರಳಲ್ಲಿ ಎಣ್ಣೆ, ವಿಭೂತಿ ಕಲಸಿ ತಟ್ಟೆಯ ಗುಂಡುಗಳ ಕಡೆ ಬಂದರು. ಒಂದೊಂದರ ಕ್ಯಾಪಿನ ಮೇಲೆ, ಸರಿಯಾಗಿ ನಡುವಿಗೆ, ಒಂದು ಬೊಟ್ಟು.

“ಹಣಿ ಇದ್ದಂಗ ಅದ ನೋಡ್ರಿ ತಮ್ಮಾ,” ಎಂದರು ಸಂತೋಷದಿಂದ. “ಇಲ್ಲೇ ಹಚ್ರಿ ಅಂತ ದುಂಡಗ ಮಾಡಿಟ್ಟಾರ.”

ಅವರು ಹೇಳಿದ ಮೇಲೆ ನನಗೂ ಅದು ಹಣೆಯಂತೆಯೇ ಕಂಡಿತು. ಇಡೀ ಆಯುಧದಲ್ಲಿ ಎಣ್ಣೆ ತಾಗಲೇಬಾರದ ಜಾಗ ಯಾವುದು ಎಂದು ಕೇಳಿದರೆ ನಾನು ತೋರಿಸುವ ಜಾಗವೂ ಅದೇ.

ಕೂತುಕೊಂಡೆ. ಹುಡುಗರ ಮೇಲೆ ಕೂಗಾಡಿ ರೂಢಿಯಾದ ಬಾಯಿಗೆ ಮೆಲ್ಲಗೆ ಹೇಳುವುದು ಬರುವುದಿಲ್ಲ. ಜೇಬಿನಿಂದ ಚಿಂದಿ ಬಿಚ್ಚಿ ಸತ್ತ ಗುಂಡನ್ನು ಅವರ ಅಂಗೈಯಲ್ಲಿಟ್ಟೆ.

“ಅವ್ವಾರ, ಇದರ ಹಣಿ ನೋಡ್ರಿ. ಪೆಟ್ಟು ಬಿದ್ದದ. ಆದ್ರ ಹಾರಿಲ್ಲ. ಮೇಡಂ ಟ್ರಿಗರ್ ಎಳದ್ರು, ಇದು ಸುಮ್ನ ಕುಂತದ.”

“ಯಾಕ್ರಿ?”

“ಎಣ್ಣಿ ಒಳಗ ಇಳದದ್ರಿ. ಎಣ್ಣಿ ತಾಗಿದ್ರ ಮದ್ದು ಸಾಯ್ತದ. ವಿಭೂತಿ ಆ ಎಣ್ಣ್ಯಾಗ ಕಲಸಿ ಗಟ್ಟಿ ಆಗಿ ತಿರುಗೋದನ್ನ ಹಿಡೀತದ.”

ಅವರು ಗುಂಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಮಗಳ ಮುಖ ನೋಡಿದರು. ಮೇಡಂ ತಲೆ ತಗ್ಗಿಸಿದರು.

“ಅಂದ್ರ ನನ್ನ ಕೈಯಿಂದನಾ?” ಎಂದರು ತಾಯಿ. ಗುಂಡನ್ನು ಮಣೆಯ ಮೇಲಿಟ್ಟರು. “ಸಲಿಕಿ ಹಿಡಕೊಂಡು ನಿಂತಿದ್ರಂತ ಆವತ್ತ. ಮತ್ತ ಹಂಗ ನಿಂತಾಗ ನನ್ನ ಮಗಳು ಇದನ್ನ ತಗದ್ರ… ಇದು ಸುಮ್ನ ಕುಂತಿದ್ರ…”

“ಹಂಗೇನೂ ಆಗಿಲ್ಲಲ್ರಿ ಅವ್ವಾರ.”

ಆ ಮಾತು ಅವರನ್ನು ಮುಟ್ಟಲಿಲ್ಲ. ಕೈಯನ್ನು ಸೆರಗಿಗೆ ಒರೆಸಿಕೊಂಡರು. ಮತ್ತೆ ಒರೆಸಿಕೊಂಡರು. ಎಣ್ಣೆ ಹೋದ ಮೇಲೂ ಒರೆಸುತ್ತಲೇ ಇದ್ದರು. ಕಾರಣ ಸಿಕ್ಕ ಖುಷಿಯಲ್ಲಿ ಜೇವರ್ಗಿಯಿಂದ ಹಾರಿ ಬಂದಿದ್ದೆ, ಆ ಕೈ ನೋಡಿ ನನ್ನ ಖುಷಿಯೆಲ್ಲ ಇಳಿದುಹೋಯಿತು. ಅವರು ಎದ್ದು ಅಡುಗೆಮನೆಗೆ ಹೋದವರು ನಾವು ಹೊರಡುವವರೆಗೂ ಹೊರಗೆ ಬರಲಿಲ್ಲ.

ಠಾಣೆಯ ಪಡಸಾಲೆಗೆ ಬಂದ ಮೇಲೆ ಮೇಡಂ ಕೈ ಚಾಚಿದರು. “ಒರಸಿ ಹೊಸಾ ಗುಂಡು ಹಾಕಿ ಕೊಡ್ರಿ. ನಸುಕಿನ್ಯಾಗ ಹೋಗಬೇಕು.”

“ಇದು ನಾಳೆ ಬರಂಗಿಲ್ಲ ಮೇಡಂ.”

“ಅಂದ್ರ? ನಾ ಒಂದ ಪಿಸ್ತೂಲ್ ಮ್ಯಾಲ ಹೋಗ್ಲೇನ್ರಿ?”

“ಅದನ್ನೂ ನಾ ಹೇಳಂಗಿಲ್ಲ. ಬ್ಯಾರೇದು ಕೊಡಾಕ ಮೇಲಿನವರ ಹುಕುಂ ಬೇಕು, ನಸುಕಿನೊಳಗ ಸಿಗಂಗಿಲ್ಲ. ಒಂದಿನ ಮುಂದ ಹಾಕ್ರಿ. ಪೂರಾ ಬಿಚ್ಚಿ, ತೊಳದು, ಗುಡ್ಡದ ಹಿಂದ ಹಾರಿಸಿ ನೋಡ್ಲಾರದ ಇದನ್ನ ನಿಮ್ಮ ಕೈಗೆ ಕೊಡಂಗಿಲ್ಲ.”

“ಎಲ್ಲಾ ತಯಾರಿ ಆಗ್ಯದ. ಒಂದಿನ ತಡಾ ಆದ್ರ ಸುದ್ದಿ ಸೋರ್ತದ. ಸೋರಿದ್ರ ಜವಾಬ್ದಾರಿ ನೀವು ತಗೋತೀರೇನು?” ಅವರ ದನಿ ಏರಿತು. ಅವರ ಮಾತಿನಲ್ಲಿ ನ್ಯಾಯವಿತ್ತು.

“ಅದನ್ನ ತಗೊಳ್ಳೋ ತಾಕತ್ತು ನನಗಿಲ್ರಿ. ಇದರದ್ದು ತಗೋತೇನಿ,” ಎಂದು ರಿವಾಲ್ವರ್ ತೋರಿಸಿದೆ. “ಎಲ್ಡನೇದು ಇಲ್ಲ ಅಂತ ಗೊತ್ತಿದ್ರ ನೀವು ಹುಷಾರಿರ್ತೀರಿ. ಅದ ಅಂತ ನಂಬಿ ಕೈ ಹಾಕಿದಾಗ ಟಕ್ ಅಂದ್ರ ಏನ್ ಮಾಡ್ತೀರಿ? ಹಿಂದಿನ ಸಲ ಕಣ್ಣು ಮುಚ್ಕೊಂಡು ನಂಬ್ರಿ ಅಂದಿದ್ದೆ. ಈ ಸಲ ಹಂಗ ಅನ್ನಂಗಿಲ್ಲ.”

ಮೇಡಂ ಪಡಸಾಲೆಯಲ್ಲಿ ಆ ತುದಿಯಿಂದ ಈ ತುದಿಗೆ ಓಡಾಡಿದರು. ನನ್ನನ್ನು ಬೈದುಕೊಂಡರೆಂದು ಕಾಣುತ್ತದೆ, ಕೇಳಿಸಲಿಲ್ಲ. ಕೊನೆಗೆ ಮೇಲಿನವರಿಗೆ ಫೋನ್ ಮಾಡಿ ಒಂದು ದಿನ ಮುಂದೂಡಿದರು. ಫೋನ್ ಇಟ್ಟು, “ಒಂದ ದಿನ ಹವಾಲ್ದಾರ್ರ, ಅದಕ್ಕಿಂತ ಜಾಸ್ತಿ ಇಲ್ಲ,” ಎಂದರು.

ಮರುದಿನ ಬೆಳಗಾಗುತ್ತಲೇ ಆಳಂದದ ಕಡೆಯ ಆ ಗುಡ್ಡದ ನೆರಳಿನಲ್ಲಿದ್ದೆ. ರಿವಾಲ್ವರಿನ ಮಗ್ಗುಲ ತಗಡು ತೆಗೆದು ಒಳಗಿನ ಒಂದೊಂದು ಭಾಗವನ್ನೂ ಡೀಸೆಲ್ಲಿನಲ್ಲಿ ನೆನೆಹಾಕಿದೆ. ಹಳದಿ ಅಂಟು ನೆನೆದರೂ ಬಿಡದ ಕಡೆ ಬೇವಿನ ಕಡ್ಡಿ ಚೂಪು ಮಾಡಿ ಕೆರೆದೆ. ಕಬ್ಬಿಣದಿಂದ ಕೆರೆದರೆ ಗೀರು ಬೀಳುತ್ತದೆ. ಮೊನೆಯ ತೂತಿನಲ್ಲಿ ದಾರ ಹಾಯಿಸಿ ತಿಕ್ಕಿದೆ. ನಕ್ಷತ್ರದ ಬಿಲ್ಲೆಯ ಅಡಿಯನ್ನು ಬೆರಳು ಜಾರುವವರೆಗೆ ಬಿಡಲಿಲ್ಲ. ಅಲ್ಲಿ ಒಂದು ಸಾಸಿವೆಯಷ್ಟು ವಿಭೂತಿ ಕೂತರೂ ಬಿಲ್ಲೆ ಪೂರ್ತಿ ಕೂರುವುದಿಲ್ಲ, ಗುಂಡುಗಳ ಬೆನ್ನು ಎದ್ದು ಹಿಂದಿನ ಗೋಡೆಗೆ ಉಜ್ಜುತ್ತದೆ, ಸಿಲಿಂಡರ್ ಬಿಗಿಯುತ್ತದೆ. ಟ್ರಿಗರ್ ಯಾಕೆ ಬಿಗಿಯಾಗಿತ್ತು ಎಂಬುದು ಈಗ ನೆಟ್ಟಗೆ ಕಂಡಿತು. ಎಲ್ಲ ಒಣಗಿಸಿ, ಕೀಲುಗಳಿಗೆ ಸೂಜಿಯ ತುದಿಯಿಂದ ಬಂದೂಕಿನೆಣ್ಣೆ ಮುಟ್ಟಿಸಿ, ಅದನ್ನೂ ಒರೆಸಿ ಜೋಡಿಸಿದೆ.

ಖಾಲಿಯಾಗಿ ತಿರುಗಿಸಿದೆ. ಮೂತಿ ಮೇಲೆ ಮಾಡಿ ಎಳೆದೆ, ಕೆಳಗೆ ಮಾಡಿ ಎಳೆದೆ. ಆಮೇಲೆ ತುಂಬಿ ಹಾರಿಸಿದೆ. ನಿಧಾನ ಎಳೆದು, ಬೇಗ ಎಳೆದು, ಬಲಗೈಯಲ್ಲಿ, ಎಡಗೈಯಲ್ಲಿ. ಮೇಡಂ ಎಡಗಡೆಯಿಂದ ತೆಗೆಯಬೇಕಾಗಿ ಬಂದರೆ ಎಡಗೈಯಲ್ಲೇ ಹಾರಿಸಬೇಕಾಗಬಹುದಲ್ಲ. ಒಂದೂ ತಪ್ಪಲಿಲ್ಲ. ಮತ್ತೆ ಒಣಗಿಸಿ ಒರೆಸಿ ಪೆಟ್ಟಿಗೆಗೆ ಹಾಕಿದೆ. ‘ನಂಬ್ರಿ’ ಎಂಬ ಮಾತು ಮಾತ್ರ ಇನ್ನೂ ನಾಲಗೆಗೆ ಬರಲಿಲ್ಲ.

ದಾಳಿಯ ದಿನ ನಸುಕು ಹರಿಯುವಾಗ ರಿವಾಲ್ವರ್, ಹೊಸ ಗುಂಡು ತೆಗೆದುಕೊಂಡು ಕ್ವಾರ್ಟರ್ಸಿಗೆ ಹೋದೆ. ಮೇಡಂ ಬೂಟು ಕಟ್ಟುತ್ತಿದ್ದರು. ಹೊರಗೆ ಜೀಪು ನಿಂತಿತ್ತು. ಬಾಗಿಲಲ್ಲಿ ಅವರ ತಾಯಿ ವಿಭೂತಿಯ ತಟ್ಟೆ ಹಿಡಿದು ನಿಂತಿದ್ದರು. ನಾನು ಪೆಟ್ಟಿಗೆಯನ್ನು ಅವುಚಿಕೊಂಡೆ.

ಅವರು ರಿವಾಲ್ವರಿನ ಪೆಟ್ಟಿಗೆಯನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು.

“ಅದನ್ನ ಮುಟ್ಟಂಗಿಲ್ಲ ತಮ್ಮಾ, ಹೆದರಬ್ಯಾಡ್ರಿ. ಅದನ್ನ ಅಲ್ಲಿಡ್ರಿ. ನಿಮ್ಮ ಕೈ ಕೊಡ್ರಿ.”

“ನನ್ನ ಕೈ ಯಾಕ್ರಿ ಅವ್ವಾರ?”

“ಅದು ತನ್ನಷ್ಟಕ್ಕ ತಾನ ನಡೀತದೇನು? ನಿಮ್ಮ ಕೈಯಿಂದ ನಡೀತದ. ಕೊಡ್ರಿ.”

ಪೆಟ್ಟಿಗೆ ಕಟ್ಟೆಯ ಮೇಲಿಟ್ಟು ಎರಡೂ ಕೈ ಚಾಚಿದೆ. ಮೂರು ಬೆರಳಲ್ಲಿ ವಿಭೂತಿ ತೆಗೆದು ನನ್ನ ಎರಡೂ ಅಂಗೈಗೆ ಎಳೆದರು. ಒಕ್ಕಲುತನ ಮಾಡಿ ಒರಟಾದ ಬೆರಳುಗಳು. ನಾನು ಹೆಚ್ಚು ದೇವರು ದಿಂಡರು ಎನ್ನುವವನಲ್ಲ. ಆದರೂ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಈಗ ಬಂತು ಫಜೀತಿ. ಜೀಪಿನವರು ಹಾರ್ನ್ ಹೊಡೆಯುತ್ತಿದ್ದಾರೆ, ಮೇಡಂ ಎದ್ದು ನಿಂತಿದ್ದಾರೆ. ನಾನು ಗುಂಡು ತುಂಬಿ ಕೊಡಬೇಕು, ಅಂಗೈ ತುಂಬ ಹಸಿ ವಿಭೂತಿ. ಈ ಕೈಯಿಂದ ಮುಟ್ಟಿದರೆ ನಿನ್ನೆ ದಿನವಿಡೀ ಕೆರೆದದ್ದೆಲ್ಲ ಮತ್ತೆ ಅಲ್ಲೇ ಹೋಗಿ ಕೂರುತ್ತದೆ. ಒರೆಸಿಕೊಂಡರೆ, ಎದುರಿಗೇ ನಿಂತಿದ್ದಾರೆ. ನಾಟಕದ ಕಂಪನಿಯ ದೇವರ ಪಾತ್ರದವನಂತೆ ಕೈ ಚಾಚಿ ನಿಂತೇ ಇದ್ದೆ.

ಅವರ ತಾಯಿ ಒಳಗೆ ಹೋದರು. ತಂಬಿಗೆಯಲ್ಲಿ ನೀರು ತಂದರು. ಕಟ್ಟೆಯ ಅಂಚಿಗೆ ನನ್ನನ್ನು ಕರೆದು ನನ್ನ ಕೈ ಮೇಲೆ ತಾವೇ ನೀರು ಸುರಿದರು.

“ಚಲೋತ್ನಾಗಿ ತೊಳ್ಕೋರಿ,” ಎಂದರು. “ಬೆರಳ ಸಂದ್ಯಾಗ ಉಳದದ ನೋಡ್ರಿ. ಅಲ್ಲೂ ತೊಳೀರಿ. ಹಚ್ಚೋದು ನನ್ನ ಕೆಲಸ ಇತ್ತು, ಆಯ್ತು. ಇನ್ನ ನೀವು ನಿಮ್ಮ ಕೆಲಸ ಮಾಡ್ರಿ.”

ತಂಬಿಗೆ ಖಾಲಿಯಾಗುವವರೆಗೆ ಸುರಿದರು. ಒರೆಸಲು ಒಣ ಬಟ್ಟೆಯನ್ನೂ ಕೊಟ್ಟರು. ಕೈ ಪೂರ್ತಿ ಒಣಗಿದ ಮೇಲೆ ಗುಂಡು ತುಂಬಿ, ಸಿಲಿಂಡರ್ ಮುಚ್ಚಿ, ಮೇಡಂ ಕೈಗಿಟ್ಟೆ.

“ನಂಬ್ಲೇನ್ರಿ?” ಎಂದು ಕೇಳಿದರು.

“ನಂಬ್ರಿ,” ಎಂದೆ.

ಹೊತ್ತು ಏರಿದ ಮೇಲೆ ಅವರು ವಾಪಸು ಬಂದರು. ಮೊಣಕಾಲಿನವರೆಗೆ ಹಸಿ ಮರಳು. ಟ್ರ್ಯಾಕ್ಟರುಗಳು ಸಿಕ್ಕಿದ್ದವು, ಸುದ್ದಿ ಸೋರಿರಲಿಲ್ಲ. ಈ ಸಲವೂ ಸಲಿಕೆ ಎತ್ತಿದವರಿದ್ದರಂತೆ. ನೀರಿನಲ್ಲಿ ಕಾಲು ಜಾರಿ ಪಿಸ್ತೂಲು ಒದ್ದೆಯಾದಾಗ ಮೇಡಂ ಎಡಗಡೆಯಿಂದ ರಿವಾಲ್ವರ್ ತೆಗೆದು ಹಿಡಿದರು. ಹಾರಿಸುವ ಪ್ರಸಂಗ ಬರಲಿಲ್ಲ, ಸಲಿಕೆಗಳು ಕೆಳಗಿಳಿದವು. “ಕೈ ನಡಗಲಿಲ್ಲ ಹವಾಲ್ದಾರ್ರ,” ಎಂದು ಮಾತ್ರ ಹೇಳಿದರು.

ಆದರೆ ಎಳೆದಿದ್ದರೆ ಹಾರುತ್ತಿತ್ತೇ? ಈ ಪ್ರಶ್ನೆಯನ್ನು ಉಳಿಸಿಕೊಂಡು ಮಲಗುವುದು ನನ್ನಿಂದಾಗದು. ಅಂದು ನದಿಗೆ ಹೋಗಿದ್ದ ಆ ಆರು ಗುಂಡುಗಳನ್ನೇ, ಆ ರಿವಾಲ್ವರಿನಲ್ಲೇ, ಬಿಚ್ಚದೆ ಒರೆಸದೆ ಮುಂದಿನ ಅಭ್ಯಾಸದ ದಿನ ಗುಡ್ಡದ ಹಿಂದಕ್ಕೆ ಒಯ್ದೆ. ಮೇಡಂ ನನ್ನ ಪಕ್ಕದಲ್ಲಿ ನಿಂತು ಮನೆಗೆ ಫೋನ್ ಹಚ್ಚಿದರು. ಅವ್ವ ಕೇಳಬೇಕಂತೆ ಎಂದು ಹೇಳಿ ಫೋನನ್ನು ಮುಂದಕ್ಕೆ ಹಿಡಿದರು.

ಒಂದೊಂದಾಗಿ ಎಳೆದೆ. ನಡುವೆ ಸ್ವಲ್ಪ ಬಿಟ್ಟು, ಎಣಿಸಲು ಅವರಿಗೆ ಆಗಲಿ ಎಂದು. ಕಾಗೆಗಳು ಏಳಲಿಲ್ಲ.

“ಆರಾದ್ವು,” ಎಂದಿತು ಫೋನಿನೊಳಗಿನ ದನಿ.

“ಆರೂ ಆದ್ವು ಅವ್ವಾರ,” ಎಂದೆ.

ಆಮೇಲೂ ಅವರು ಫೋನ್ ಇಡಲಿಲ್ಲ. ಮೇಡಂ ಅದನ್ನು ಹಾಗೇ ಹಿಡಿದುಕೊಂಡು ನಿಂತರು. ನಾನು ಗೋಣಿಚೀಲ ಹಾಸಿ ರಿವಾಲ್ವರ್ ಬಿಚ್ಚಲು ಕೂತೆ.